ಪರಯಂತ್ರಪ್ರವೇಶ

ತಮ್ಮ ಶರೀರವನ್ನು ಗುಹೆಯೊಂದರಲ್ಲಿ ಶಿಷ್ಯರ ಕಾವಲಿಗೊಪ್ಪಿಸಿ, ಮೃತನಾದ ಅಮರುಕರಾಜನ ದೇಹವನ್ನು ಹೊಕ್ಕ ಶಂಕರಾಚಾರ್ಯರು ಅರಮನೆಯ ಭೋಗದಲ್ಲಿ ತಮ್ಮ ನಿಜವನ್ನೇ ಮರೆತರೆಂದೂ, ಗಾಯಕರ ವೇಷದಿಂದ ಬಂದ ಶಿಷ್ಯರು ಹಾಡಿ ಎಚ್ಚರಿಸಬೇಕಾಯಿತೆಂದೂ ಮಾಧವೀಯ ಶಂಕರದಿಗ್ವಿಜಯವು ಹೇಳುತ್ತದೆ. ಅದು ಚರಿತ್ರೆಯೋ ಅಲ್ಲವೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಪರಕಾಯವನ್ನು ಹೊಕ್ಕವನು ಅಪಾಯದಿಂದ ಹೊರಗುಳಿಯಲಾರನೆಂಬ ವಿವೇಕವಂತೂ ಆ ಕಥೆಯಲ್ಲಿದೆ.

ನಮ್ಮ ಕಾಲದ ಪ್ರವೇಶವಿದ್ಯೆ ಬೇರೆ ತೆರನಾದುದು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರೂಪುಗೊಂಡು, 1998ರ ಸುಮಾರಿಗೆ ಸರ್ವರಿಗೂ ಮುಕ್ತವಾದ ವಿಎನ್‌ಸಿ ಎಂಬ ತಂತ್ರಾಂಶವನ್ನೇ ನೋಡಿ: ದೂರದ ಗಣಕಯಂತ್ರದ ಪರದೆಯಲ್ಲಿ ಬದಲಾದ ಭಾಗವಷ್ಟೇ ಚಿತ್ರದ ತುಣುಕುಗಳಾಗಿ ಇತ್ತ ಬರುತ್ತದೆ, ಇತ್ತಣಿಂದ ಕೀಲಿಮಣೆಯ ಒತ್ತು, ಮೌಸಿನ ಚಲನೆಗಳು ಅತ್ತ ಹೋಗುತ್ತವೆ. ನಡುವೆ ಸಂಪರ್ಕ ಕಡಿದು, ಮತ್ತೊಂದು ಊರಿನಿಂದ ಮರಳಿ ಹೊಕ್ಕರೂ ಅರ್ಧ ಬರೆದ ವಾಕ್ಯವು ಅಲ್ಲಿಯೇ ಕಾದಿರುತ್ತದೆ, ಏಕೆಂದರೆ ನೋಡುವ ಯಂತ್ರದಲ್ಲಿ ಕಾರ್ಯದ ಯಾವ ಶೇಷವೂ ಉಳಿಯುವುದಿಲ್ಲ. ಮನೆಯೊಡೆಯನ ಕೈಯೂ ಪರಸ್ಥಳದವನ ಕೈಯೂ ಒಂದೇ ಬಾಣದ ಗುರುತನ್ನು ಎಳೆಯಬಹುದು. ಯಾರು ಎಳೆದರೆಂಬ ಭೇದ ಯಂತ್ರಕ್ಕಿಲ್ಲ.

ಹಾಗಾದರೆ ಕರ್ತನು ಯಾರು? ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನೆಣಿಸಿ, ತಾನೊಬ್ಬನೇ ಕರ್ತನೆಂದು ಕಾಣುವವನ ದೃಷ್ಟಿ ಸರಿಯಲ್ಲವೆನ್ನುತ್ತದೆ. ಶಂಕರಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ. ಇಲ್ಲಿಯಾದರೋ ಅಧಿಷ್ಠಾನವು ಶಿವಮೊಗ್ಗೆಯ ಒಂದು ಮನೆಯಲ್ಲಿ, ಕರ್ತನು ಸಮುದ್ರದಾಚೆಯಲ್ಲಿ. ಹೊಣೆಯನ್ನು ಐದು ಕಡೆಗೆ ಹಂಚಿ ತಾನು ಜಾರಿಕೊಳ್ಳಬಯಸುವವನಿಗೆ ಈ ದೂರವು ಬಲು ಅನುಕೂಲ.

ತನ್ನ ಪರದೆಯ ಮೇಲೆ ಬಾಣವು ತಾನೇ ತಾನಾಗಿ ಚಲಿಸುವುದನ್ನು ನೋಡುತ್ತ ಕುಳಿತ ಒಡೆಯನು ಸಾಕ್ಷಿಯಂತೆ ಕಾಣುತ್ತಾನೆ. ಆದರೆ ವೇದಾಂತದ ಸಾಕ್ಷಿಗೆ ಕರ್ಮದ ಲೇಪವಿಲ್ಲ, ಈತನಿಗೆ ನಷ್ಟವೆಲ್ಲವೂ ಉಂಟು. 2019ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು, ಎನಿಡೆಸ್ಕ್ ಎಂಬ ಇಂಥದೇ ತಂತ್ರಾಂಶವನ್ನು ವಂಚಕರು ಬಳಸುವ ಬಗೆಯನ್ನು ಕುರಿತು ಎಚ್ಚರಿಸಿತು: ಮೊಬೈಲಿನಲ್ಲಿ ತೋರುವ ಒಂಬತ್ತಂಕಿಯ ಸಂಖ್ಯೆಯನ್ನು ಹೇಳಿಸಿಕೊಂಡು, ಅನುಮತಿಯನ್ನೂ ಪಡೆದೇ ಒಳಹೊಕ್ಕು ಹಣವನ್ನು ಸಾಗಿಸುವುದು. ತಂತ್ರಾಂಶವನ್ನು ಇದಕ್ಕಾಗಿ ದೂಷಿಸಲಾಗದು. ಅನುಮತಿ ಕೊಟ್ಟವನು ನೀನೇ ಎಂದು ಸೋತವನನ್ನು ಹಂಗಿಸುವವರುಂಟು. ಆತನು ಸಮ್ಮತಿಸಿದ್ದು ಉಪಕಾರಕ್ಕಾದುದರಿಂದ ಅಪಹಾರದ ಕರ್ಮವು ಹೊಕ್ಕವನದೇ ಎಂದು ನಾನು ತಿಳಿಯುತ್ತೇನೆ.

ಸದುದ್ದೇಶದಿಂದ ಹೊಕ್ಕವನ ವಿಷಯ ಇಷ್ಟು ಸರಳವಲ್ಲ. ಶಿವಮೊಗ್ಗೆಯ ತಾಯಿಯ ಗಣಕವನ್ನು ಪರದೇಶದಿಂದ ಸರಿಪಡಿಸುವ ಮಗನಿಗೆ ಆಕೆಯ ಪತ್ರಗಳೂ ಕಾಣುತ್ತವೆ. ಪ್ರಮಾದದಿಂದ ಏನಾದರೂ ಅಳಿಸಿಹೋದರೆ ಹೋಗುವುದು ಆಕೆಯದು, ತನ್ನ ಕಿಟಕಿಯನ್ನು ಮುಚ್ಚಿದೊಡನೆ ಇವನಿಗೆ ಎಲ್ಲವೂ ಮುಗಿದಂತೆ. ಅಮರುಕನ ದೇಹದಲ್ಲಿ ಆಚಾರ್ಯರಿಗಿದ್ದ ಮೈಮರೆಯುವ ಭಯ ಇವನಿಗಿಲ್ಲ. ಆ ಭಯದ ಅಭಾವವೇ ಇವನ ಅಧಿಕಾರವನ್ನು ನನ್ನ ಕಣ್ಣಿಗೆ ಶಂಕಾಸ್ಪದವಾಗಿಸುತ್ತದೆ. ಇದನ್ನು ಅರಿತೋ ಅರಿಯದೆಯೋ, ಕೆಲವು ಮಕ್ಕಳು ಬಾಣದ ಗುರುತನ್ನು ಗುಂಡಿಯ ಬಳಿಗೆ ಒಯ್ದು, ಅಲ್ಲಿ ಕೈತೆಗೆದು, "ಅಮ್ಮ, ಇನ್ನು ನೀನೇ ಒತ್ತು" ಎನ್ನುತ್ತಾರೆ.