ಎಂಟನೇ ಜಾಗದ ಪಂಚಾಯ್ತಿ

ಹದಿನಾರು ತಂಡ, ತಂಡಕ್ಕೆ ನಾಲ್ವರು, ಒಟ್ಟು 64 ಜನ. ಅದರಲ್ಲಿ ನಮ್ಮ ಪ್ರಕರಣದ ತಂಡ ಎಂಟನೆಯದಾಗಿ ಮುಗಿಸಿತು. ಆಟ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಮ್ಯಾಪ್ ಎರಾಂಗೆಲ್. ಆಡಿದವರು ದಾವಣಗೆರೆಯ ಒಂದೇ ಬಾಡಿಗೆ ರೂಮಿನಲ್ಲಿರುವ ನಾಲ್ಕು ಇಂಜಿನಿಯರಿಂಗ್ ಹುಡುಗರು. ಮೊದಲ ಜಾಗಕ್ಕೆ 10 ಅಂಕ, ಎರಡನೆಯದಕ್ಕೆ 6, ಆಮೇಲೆ 5, 4, 3, 2, 1, 1. ಎದುರಾಳಿಯನ್ನು ಮುಗಿಸಿದ್ದಕ್ಕೆ ತಲೆಗೊಂದು. ದೊಡ್ಡ ಟೂರ್ನಿಗಳಲ್ಲಿ ಬಳಕೆಗೆ ಬಂದ ಈ ಲೆಕ್ಕವನ್ನೇ ಹುಡುಗರ ಕಸ್ಟಮ್ ರೂಮಿನಲ್ಲೂ ಇಟ್ಟುಕೊಂಡಿದ್ದರು. ಎಂಟನೇ ಜಾಗಕ್ಕೆ ಒಂದು, ಐದು ಫಿನಿಶ್‌ಗೆ ಐದು, ಒಟ್ಟು ಆರು ಅಂಕ.

ರಿಸಲ್ಟ್ ಪರದೆ ಹೇಳಿದ್ದು ಇಷ್ಟು: ನುಗ್ಗುವ ಹುಡುಗನಿಗೆ ನಾಲ್ಕು ಫಿನಿಶ್, ಸ್ನೈಪರ್‌ಗೆ ಒಂದು, ಲೀಡರ್‌ಗೆ ಸೊನ್ನೆ, ಸಪೋರ್ಟ್ ಆಡುವ ಹುಡುಗನಿಗೂ ಸೊನ್ನೆ. (ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ, ಮರುವರ್ಷ ಬಿಜಿಎಂಐ ಹೆಸರಿನಲ್ಲಿ ಮರಳುವಾಗ ಬಹಳ ಸಭ್ಯವಾಗಿ ಮರಳಿತು. ರಕ್ತ ಹಸಿರಾಯಿತು, ಕೊಲ್ಲುವುದು ಹೋಗಿ ‘ಫಿನಿಶ್’ ಮಾಡುವುದು ಬಂತು. ಜಗಳದ ಬಣ್ಣ ಮಾತ್ರ ಹಳೆಯದೇ.)

ಆ ರಾತ್ರಿ ರೂಮಿನಲ್ಲಿ ಪಂಚಾಯ್ತಿ ಸೇರಿತು. ತಪ್ಪು ಸಪೋರ್ಟ್ ಹುಡುಗನ ತಲೆಗೆ ಬಂತು. ತೀರ್ಪು ಕೊಟ್ಟವನು ಲೀಡರ್. ಅವನು ನನ್ನ ತಂಗಿಯ ಮಗ. ಹಬ್ಬಕ್ಕೆ ಊರಿಗೆ ಬಂದಾಗ ಈ ಕಥೆಯನ್ನು ನನಗೆ ಹೇಳಿದ್ದೂ ಅವನೇ.

“ಮಾಮ, ಆವಾಗ ಇನ್ನೂ ಮೂರು ಜನ ಗಟ್ಟಿ ಇದ್ವಿ. ಒಬ್ಬ ನಾಕ್ ಆಗಿದ್ದ, ಅಷ್ಟೇ. ಇವ್ನು ದೊಡ್ಡ ಹೀರೋ ಥರ ಬಯಲಿಗೆ ಓಡಿದ. ಇಬ್ರೂ ಹೋದ್ರು. ಉಳಿದಿಬ್ರು ಏನ್ ಮಾಡಾಕಾಗುತ್ತೆ?”

ಆಡದವರಿಗಾಗಿ ಎರಡು ಮಾತು. ಗುಂಡು ತಿಂದವನು ತಕ್ಷಣ ಸಾಯುವುದಿಲ್ಲ, ನಾಕ್ ಆಗಿ ಮೊಣಕಾಲ ಮೇಲೆ ತೆವಳುತ್ತಾನೆ. ಜೊತೆಯವನೊಬ್ಬ ಪಕ್ಕದಲ್ಲಿ ಕೂತು ಹತ್ತು ಸೆಕೆಂಡಿನಷ್ಟು ಹೊತ್ತು ಕೊಟ್ಟರೆ ಎದ್ದು ನಿಲ್ಲುತ್ತಾನೆ. ಆ ಹತ್ತು ಸೆಕೆಂಡು ಇಬ್ಬರೂ ಗುಂಡಿಗೆ ಕೂತ ಗುರಿ. ಇನ್ನೊಂದು, ಜೋನ್. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ದ್ವೀಪದಲ್ಲಿ ಬದುಕಬಹುದಾದ ವೃತ್ತ ಹಂತಹಂತವಾಗಿ ಕಿರಿದಾಗುತ್ತದೆ. ಹೊರಗೆ ಉಳಿದವನ ಜೀವ ತಾನೇ ಸೋರುತ್ತದೆ.

ಸೋದರಳಿಯನ ಕಥೆಯನ್ನು ಒಪ್ಪಿಬಿಡಬಹುದಿತ್ತು. ಒಪ್ಪಲಾಗದಂತೆ ಮಾಡಿದ್ದು ಅವನೇ ತಂದಿದ್ದ ರೆಕಾರ್ಡಿಂಗ್. ಸ್ನೈಪರ್ ಹುಡುಗ ತನ್ನ ಫೋನಿನಲ್ಲಿ ಪರದೆಯ ಜೊತೆಗೆ ಮೈಕನ್ನೂ ರೆಕಾರ್ಡ್ ಮಾಡುವ ಅಭ್ಯಾಸದವನು. ಅಳಿಯ ಅದನ್ನು ಸಪೋರ್ಟ್ ಹುಡುಗ ಬಯಲಿಗೆ ಇಳಿದ ಜಾಗದಿಂದ ಓಡಿಸಿ ತೋರಿಸಿದ. ಸ್ವಲ್ಪ ಹಿಂದಕ್ಕೆ ಎಳಿ ಅಂದೆ. ಎಳೆದ. ಇನ್ನೂ ಹಿಂದಕ್ಕೆ ಅಂದೆ. ಈ ಸಲ ಬೆರಳು ಸ್ವಲ್ಪ ತಡೆದು ಎಳೆಯಿತು.

ರೊಝೋಕ್ ಊರಿನ ಮೇಲಿನ ಇಳಿಜಾರಿನಲ್ಲಿ ಎರಡಂತಸ್ತಿನ ಮನೆ. ಗೋಡೆಯ ಹಿಂದೆ ಜೀಪು. ಸಪೋರ್ಟ್ ಹುಡುಗನ ದನಿ: “ಜೋನ್ ಹೊರಗದೀವಿ ಲೇ. ಗಾಡಿ ಹತ್ರ ಬರ್ರಿ.” ಯಾರೂ ಉತ್ತರಿಸಲಿಲ್ಲ. ಕೆಳಗೆ ರಸ್ತೆಯಲ್ಲಿ ಗುಂಡಿನ ಸದ್ದು. ನುಗ್ಗುವವನು: “ಎರಡು ಟೀಮ್ ಹೊಡೆದಾಡ್ತಾ ಇದಾವೆ. ಒಬ್ಬ ನಾಕ್. ಹೋಗ್ಲಾ?” ಆಮೇಲೆ ನನ್ನ ಅಳಿಯನ ದನಿ, ಬ್ಯಾಗಿನಲ್ಲಿ ಏನೋ ಹುಡುಕುತ್ತಿರುವವನ ಧಾಟಿಯಲ್ಲಿ: “ಹ್ಞೂಂ... ನೋಡ್ಕೊಂಡು.” ಸಪೋರ್ಟ್ ಹುಡುಗ ಮತ್ತೆ, “ಜೋನ್ ಲೇ.” ನುಗ್ಗುವವನು ಅಷ್ಟರಲ್ಲಿ ಇಳಿದಾಗಿತ್ತು. ಒಂದು ಫಿನಿಶ್, ಇನ್ನೊಂದು ಫಿನಿಶ್, ಆಮೇಲೆ ಅವನೇ ಮರದ ಬುಡದಲ್ಲಿ ಬಿದ್ದ. “ನಾಕ್ ನಾಕ್! ಸ್ಮೋಕ್ ಹಾಕ್ರೋ! ಯಾರಾದ್ರೂ ಬರ್ರೋ!” ಲೀಡರ್ ಮಾತಾಡಲಿಲ್ಲ. ಪರದೆಯ ಮೂಲೆಯ ಗಡಿಯಾರದಲ್ಲಿ ನಾಲ್ಕು ಸೆಕೆಂಡು ಕಳೆದವು. ಸಪೋರ್ಟ್ ಹುಡುಗ, “ಬಂದೆ.”

ಎರಡು ಸ್ಮೋಕ್ (ಮರೆಗೆ ಎಸೆಯುವ ಹೊಗೆಬಾಂಬು) ಎಸೆದ, ಎರಡೂ ರಸ್ತೆಯ ಕಡೆಗೆ. ಗುಂಡು ಬಂದದ್ದು ಗುಡ್ಡದ ಕಡೆಯಿಂದ. ಉಳಿದಿಬ್ಬರು ಜೋನ್ ಮೈಮೇಲೆ ಬಂದಾಗ ಜೀಪು ಹತ್ತಿ, ಜೀಪಿನಲ್ಲೇ ಜೀವ ಬಿಟ್ಟರು.

ನನ್ನ ಕುತೂಹಲ ನಿಂತದ್ದು ಆ “ಹ್ಞೂಂ... ನೋಡ್ಕೊಂಡು” ಎಂಬಲ್ಲಿ. ಅದು ಅರ್ಧ ಅಪ್ಪಣೆ. ಕೊಟ್ಟವನಿಗೆ ಅದರಷ್ಟು ಅನುಕೂಲ ಬೇರೆ ಯಾವುದೂ ಇಲ್ಲ. ನುಗ್ಗಿದವನು ಗೆದ್ದು ಬಂದರೆ “ನಾನೇ ಕಳಿಸಿದ್ದು”. ಬಿದ್ದರೆ “ನೋಡ್ಕೊಂಡು ಹೋಗು ಅಂದಿದ್ನಲ್ಲ”. ಸರ್ಕಾರಿ ಕಡತಗಳ ಮೇಲೆ ‘ನಿಯಮಾನುಸಾರ ಕ್ರಮವಹಿಸಿ’ ಎಂದು ಬರೆದು ಸಹಿ ಹಾಕುವ ಮೇಲಧಿಕಾರಿ ಇದೇ ಕಸುಬಿನವನು. ಕ್ರಮ ಸರಿಯಾದರೆ ಸಹಿ ಅವನದು, ತಪ್ಪಾದರೆ ನಿಯಮ ನೋಡದ ಗುಮಾಸ್ತ ಸಿಕ್ಕಿಬೀಳುತ್ತಾನೆ. ಇಪ್ಪತ್ತರ ಹುಡುಗ ಇದನ್ನು ಯಾವ ಕಚೇರಿಯಲ್ಲೂ ಕಲಿತಿರಲಾರ. ನಾವು ಹಿರಿಯರು ಮನೆಯಲ್ಲೇ ಧಾರಾಳವಾಗಿ ಕಲಿಸಿರುತ್ತೇವೆ.

ಅರ್ಧ ಅಪ್ಪಣೆಗಿಂತಲೂ ನನಗೆ ದೊಡ್ಡದಾಗಿ ಕಂಡದ್ದು ಆ ನಾಲ್ಕು ಸೆಕೆಂಡು. “ಹೋಗು” ಅನ್ನಬಹುದಿತ್ತು, “ಬಿಡು, ಜೋನ್‌ಗೆ ಹೊರಡೋಣ” ಅನ್ನಬಹುದಿತ್ತು. ಎರಡೂ ಸರಿಯಾದ ಮಾತುಗಳೇ. ಎರಡನೆಯದು ಕಠಿಣ, ಆದರೆ ಲೀಡರ್ ಇರುವುದೇ ಅಂಥದ್ದನ್ನು ಹೇಳಲು. ನೆಲದ ಮೇಲೆ ಬಿದ್ದವನು ಕೂಗುತ್ತಿರುವಾಗ ಮೇಲಿನವನು ಬಾಯಿ ಬಿಡದಿದ್ದರೆ, ನಿರ್ಧಾರ ಯಾರ ಮನಸ್ಸು ಮೆತ್ತಗಿದೆಯೋ ಅವರ ಪಾಲಿಗೆ ಬೀಳುತ್ತದೆ. ಪಂಚಾಯ್ತಿಯಲ್ಲಿ ಅವನೇ ಸಿಕ್ಕಿಬೀಳುತ್ತಾನೆ, ಏಕೆಂದರೆ ಕಣ್ಣಿಗೆ ಕಾಣುವ ಕೆಲಸ ಮಾಡಿದವನು ಅವನೊಬ್ಬನೇ. ಸುಮ್ಮನಿದ್ದವನ ಕೈಯಲ್ಲಿ ರಕ್ತದ ಕಲೆ ಇರುವುದಿಲ್ಲ, ಹಸಿರುರಕ್ತದ್ದೂ.

ಅಳಿಯ ರೆಕಾರ್ಡಿಂಗನ್ನು ಎಲ್ಲಿಂದ ಓಡಿಸಿದ ಎಂಬುದನ್ನು ಗಮನಿಸಿ. ಅವನು ಸುಳ್ಳು ಹೇಳಲಿಲ್ಲ, ಏನನ್ನೂ ಕತ್ತರಿಸಲಿಲ್ಲ. ತನ್ನ ಪಾತ್ರ ಮುಗಿದ ಮೇಲಿನ ಕ್ಷಣದಿಂದ ಶುರು ಮಾಡಿದ, ಅಷ್ಟೇ. ನುಗ್ಗುವ ಹುಡುಗ ಹೇಳಿದರೆ ತಾನು ನಾಕ್ ಆದ ಮೇಲಿನಿಂದ ಹೇಳುತ್ತಾನೆ: ಸ್ಮೋಕ್ ಸರಿಯಾಗಿ ಬೀಳಲಿಲ್ಲ. ಆಸ್ತಿ ಜಗಳದಲ್ಲಿ, ಮದುವೆ ಮುರಿದ ಮಾತುಕತೆಯಲ್ಲಿ ಯಾರೂ ಸುಳ್ಳಾಡದೆಯೂ ನ್ಯಾಯ ಕೆಡುವುದು ಈ ಬಗೆಯಿಂದ. ಕಥೆ ಎಲ್ಲಿಂದ ಶುರು ಎಂದು ಗೊತ್ತುಮಾಡಿದವನು ಅರ್ಧ ತೀರ್ಪು ಬರೆದು ಮುಗಿಸಿರುತ್ತಾನೆ.

ಯುದ್ಧವನ್ನೂ ಈ ಆಟವನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಇಲ್ಲಿ ಸತ್ತವನು ಮುಂದಿನ ಮ್ಯಾಚಿನಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಇಳಿಯುತ್ತಾನೆ. ಆದರೆ ಹೋರಾಟ ಮುಗಿದ ಮೇಲೆ ಕೂತು ಮಾತಾಡುವ ಪದ್ಧತಿಗೆ ಯುದ್ಧದಲ್ಲಿ ಒಂದು ಚರಿತ್ರೆ ಇದೆ. 1943ರ ನವೆಂಬರಿನಲ್ಲಿ ಶಾಂತಸಾಗರದ ಮಾಕಿನ್ ದ್ವೀಪದಲ್ಲಿ ಅಮೆರಿಕದ ಸೈನ್ಯ ಜಪಾನಿಯರ ಜೊತೆ ಕಾದಾಡಿದಾಗ, ಎಸ್.ಎಲ್.ಎ. ಮಾರ್ಷಲ್ ಎಂಬ ಸೈನ್ಯದ ಇತಿಹಾಸಕಾರ ಜೊತೆಗಿದ್ದ. ಒಂದೇ ಕದನದ ಬಗ್ಗೆ ಒಬ್ಬೊಬ್ಬರ ಕಥೆ ಒಂದೊಂದು ಥರ. ತಾನು ಅಡಗಿದ್ದ ಗುಂಡಿಯಾಚೆ ಏನಾಯಿತೆಂದು ಯಾರಿಗೂ ತಿಳಿಯದು. ಉಳಿದವರನ್ನೆಲ್ಲ ಒಟ್ಟಿಗೆ ಕೂರಿಸಿ, ಪದವಿ ಪಕ್ಕಕ್ಕಿಟ್ಟು, ಒಬ್ಬನ ಮಾತನ್ನು ಇನ್ನೊಬ್ಬ ಅಲ್ಲೇ ತಿದ್ದಲು ಬಿಟ್ಟಾಗ ಕಥೆ ಕೂಡಿಕೊಳ್ಳುತ್ತಾ ಬಂತು. 1970ರ ದಶಕದಲ್ಲಿ ಆ ಸೈನ್ಯ ಇಂಥ ಮಾತುಕತೆಯನ್ನು ತರಬೇತಿಯ ಭಾಗವಾಗಿಯೇ ಮಾಡಿಕೊಂಡಿತು. ಏನು ಮಾಡಬೇಕೆಂದಿದ್ದೆವು, ಏನಾಯಿತು, ಏಕೆ ಹಾಗಾಯಿತು, ಮುಂದೆ ಏನು? ಮೊದಲ ಪ್ರಶ್ನೆಯನ್ನು ನೋಡಿ. ‘ಏನು ಮಾಡಬೇಕೆಂದಿದ್ದೆವು’ ಎಂದು ಕೇಳಿದ ಕೂಡಲೇ ರೆಕಾರ್ಡಿಂಗ್ ತಾನಾಗಿ ಹಿಂದಕ್ಕೆ ಹೋಗುತ್ತದೆ, ಮತ್ತು ಮೊದಲು ಬಾಯಿ ಬಿಡಬೇಕಾದವನು ಲೀಡರ್ ಆಗುತ್ತಾನೆ. ರೊಝೋಕ್‌ನ ಮನೆಯಲ್ಲಿ ಏನು ಮಾಡಬೇಕೆಂದಿದ್ದರು? ಅಳಿಯನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ಮಾರ್ಷಲ್‌ನ ಕಥೆಗೊಂದು ವಕ್ರ ಬಾಲವಿದೆ. ಹೋರಾಟದಲ್ಲಿ ಗುಂಡು ಹಾರಿಸುವವನು ನಾಲ್ವರು ಸೈನಿಕರಲ್ಲಿ ಹೆಚ್ಚೆಂದರೆ ಒಬ್ಬ ಎಂದು ಅವನು 1947ರಲ್ಲಿ ಬರೆದ. ಮುಂದೆ ಸಂಶೋಧಕರು ಆ ಅಂಕಿಗೆ ಆಧಾರ ಹುಡುಕಿದರೆ ಅವನ ಟಿಪ್ಪಣಿಗಳಲ್ಲಿ ಗಟ್ಟಿಯಾದದ್ದು ಸಿಗಲಿಲ್ಲ. ಆದರೂ ಜನರ ಬಾಯಲ್ಲಿ ಉಳಿದದ್ದು ಆ ಅಂಕಿಯೇ. ಕೂರಿಸಿ ಕೇಳಿದ ತಾಳ್ಮೆ ಯಾರಿಗೂ ನೆನಪಿಲ್ಲ.

ರಿಸಲ್ಟ್ ಪರದೆಯ ಸೊನ್ನೆಗೂ ಇದೇ ಬಲ. ಆ ರಾತ್ರಿ ನುಗ್ಗುವ ಹುಡುಗ “ನಂದು ನಾಲ್ಕು, ನಿಂದೆಷ್ಟು?” ಎಂದು ಕೇಳಿದನಂತೆ, ಸಪೋರ್ಟ್ ಹುಡುಗ ಸುಮ್ಮನಾದನಂತೆ. ಪರದೆಯಲ್ಲಿ ಫಿನಿಶ್‌ಗೆ ಅಂಕಣವಿದೆ, ಡ್ಯಾಮೇಜ್‌ಗಿದೆ, ಬದುಕಿದ ನಿಮಿಷಗಳಿಗೂ ಇದೆ. “ಜೋನ್ ಹೊರಗದೀವಿ ಲೇ” ಎಂದು ಎರಡು ಸಲ ಹೇಳಿದ್ದಕ್ಕೆ ಅಂಕಣವಿಲ್ಲ. ಲೆಕ್ಕದ ಹಾಳೆ ಕಾಣದೆ ಬಿಡುವುದಷ್ಟೇ ಅಲ್ಲ, ಕೆಲವೊಮ್ಮೆ ಒಳ್ಳೆಯದನ್ನು ತಪ್ಪಿನ ಕಡೆಗೂ ಬರೆಯುತ್ತದೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು ಮಕ್ಕಳಿಗೂ ಗೊತ್ತು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ತನಗೆ ವಿಕೆಟ್ ಸಿಗದಂತೆ ಸ್ಟಂಪಿನಿಂದ ದೂರ ದೂರ ಎಸೆದರು, ಅಂಪೈರ್ ವೈಡ್ ಕೊಡುವಷ್ಟು ದೂರ. ಸ್ಕೋರ್ ಪುಸ್ತಕದಲ್ಲಿ ಅದು ಇತರೆ ರನ್. ಆ ಓವರನ್ನು ಕಂಡವರು ಬದುಕಿರುವವರೆಗೆ ಅದರ ನಿಜವಾದ ಲೆಕ್ಕ ಇರುತ್ತದೆ.

ಇಷ್ಟಾದ ಮೇಲೆ ಅಳಿಯ ಮುಖ ಊದಿಸಿಕೊಂಡು ಕೇಳಿದ: “ಹಂಗಾದ್ರೆ ಎಲ್ಲಾ ನಂದೇ ತಪ್ಪಾ?”

ಅದಕ್ಕೂ ನನ್ನ ಒಪ್ಪಿಗೆಯಿಲ್ಲ. ಹಿಂದಕ್ಕೆ ಎಳೆಯುತ್ತಾ ಹೋಗುವುದಕ್ಕೆ ಕೊನೆ ಎಲ್ಲಿ? ಸರಿಯಾದ ಕಡೆ ಇಳಿದಿದ್ದರೆ ಆ ಮನೆಗೆ ಬರುತ್ತಲೇ ಇರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿದ್ದರೆ ತಲೆ ಚುರುಕಾಗಿರುತ್ತಿತ್ತು. ಇಂಟರ್ನಲ್ಸ್ ಇಲ್ಲದಿದ್ದರೆ ನಿದ್ದೆ ಬರುತ್ತಿತ್ತು. ಹೀಗೆ ಎಳೆದರೆ ತಪ್ಪು ಹಂಚಿಹೋಗಿ ಯಾರ ಪಾಲಿಗೂ ಏನೂ ಉಳಿಯುವುದಿಲ್ಲ. ಬುದ್ಧಿವಂತರು ಜಾರಿಕೊಳ್ಳುವ ಎರಡನೇ ದಾರಿ ಇದು, ಮೊದಲನೆಯದಕ್ಕಿಂತ ನಯ. ನನ್ನ ಲೆಕ್ಕದಲ್ಲಿ ಎಳೆಯುವುದನ್ನು ನಿಲ್ಲಿಸಬೇಕಾದ ಜಾಗ, ಒಬ್ಬ ತಿಳಿದು ಹೇಳಿದ ಮಾತಿಗೆ ಇನ್ನೊಬ್ಬ ಉತ್ತರ ಕೊಡದ ಜಾಗ. ಇಲ್ಲಿ ಅದು ಮೊದಲ “ಗಾಡಿ ಹತ್ರ ಬರ್ರಿ”. ಅಲ್ಲಿಂದ ಮುಂದೆ ನಾಲ್ವರಿಗೂ ಪಾಲಿದೆ. ಜೋನ್ ಹೊರಗಿದ್ದರೂ ಬೇರೆಯವರ ಜಗಳಕ್ಕೆ ಒಬ್ಬನೇ ಇಳಿದವನಿಗೆ ದೊಡ್ಡ ಪಾಲು. ಅರ್ಧ ಅಪ್ಪಣೆ ಕೊಟ್ಟವನಿಗೆ ಅಷ್ಟೇ ದೊಡ್ಡದು. ಎಲ್ಲವನ್ನೂ ಕೇಳಿಸಿಕೊಂಡು, ರೆಕಾರ್ಡ್ ಮಾಡಿಕೊಂಡು, ತುಟಿ ಬಿಚ್ಚದ ಸ್ನೈಪರ್ ಬಗ್ಗೆ ಯಾಕೋ ಯಾರೂ ಏನೂ ಹೇಳಿಲ್ಲ.

ಸಪೋರ್ಟ್ ಹುಡುಗನದೂ ತಪ್ಪಿದೆ, ಅದನ್ನು ಮುಚ್ಚಿಡುವುದು ಅವನಿಗೆ ಮಾಡುವ ಉಪಕಾರವೇನಲ್ಲ. ಗುಡ್ಡದ ಕಡೆ ಇನ್ನೊಂದು ತಂಡ ಇರಬಹುದೆಂದು ಅವನು ನೋಡಲಿಲ್ಲ, ಎರಡೂ ಸ್ಮೋಕ್ ಒಂದೇ ಕಡೆ ಸುರಿದ, ಮೇಲಿನವರಿಗೆ “ಗುಡ್ಡ ನೋಡ್ಕಳ್ರಿ” ಎಂದು ಹೇಳಲಿಲ್ಲ. ಇವು ಕೈಯ ತಪ್ಪುಗಳು, ಅಭ್ಯಾಸದಿಂದ ಹೋಗುತ್ತವೆ. ಆದರೆ ಪಂಚಾಯ್ತಿ ಅವನಿಗೆ ಹೇಳಿದ್ದು ಇದನ್ನಲ್ಲ, “ಹೋಗಬಾರದಿತ್ತು” ಎಂದು. ಕರೆದಾಗ ಹೋಗಬಾರದು ಎಂಬ ಪಾಠವನ್ನು ಒಬ್ಬ ಚೆನ್ನಾಗಿ ಕಲಿತುಬಿಟ್ಟರೆ ಆ ತಂಡಕ್ಕೆ ಮುಂದೆ ಯಾವ ಸ್ಮೋಕೂ ಉಪಯೋಗಕ್ಕೆ ಬರುವುದಿಲ್ಲ. ನಾಲ್ವರೂ ಒಂದೇ ರೂಮಿನ ಬಾಡಿಗೆ ಹಂಚಿಕೊಳ್ಳುವವರು. ಒಬ್ಬನಿಗೆ ಜ್ವರ ಬಂದರೆ ಮೆಡಿಕಲ್ ಶಾಪಿಗೆ ಓಡುವವನೂ ಅದೇ ಸಪೋರ್ಟ್ ಹುಡುಗ ಎಂದು ಅಳಿಯನೇ ಹಿಂದೊಮ್ಮೆ ಹೇಳಿದ್ದ.

ಹಬ್ಬ ಮುಗಿಸಿ ದಾವಣಗೆರೆಗೆ ಹೋದವನು ವಾರದ ಮೇಲೆ ಫೋನ್ ಮಾಡಿದ. ಮತ್ತೆ ಪಂಚಾಯ್ತಿ ಸೇರಿಸಿದ್ದರಂತೆ. ಇನ್ನು ಮೇಲೆ ರಿಸಲ್ಟ್ ಪರದೆ ತೆಗೆಯುವ ಮೊದಲು ರೆಕಾರ್ಡಿಂಗ್ ನೋಡುವುದು, ಜೋನ್ ಎಂದು ಯಾರೇ ಕೂಗಿದರೂ ಲೀಡರ್ “ಹೂಂ” ಅಥವಾ “ಬೇಡ” ಎಂದು ಬಾಯಿಬಿಟ್ಟು ಹೇಳುವುದು ಎಂದು ಗೊತ್ತಾಗಿದೆ. ನುಗ್ಗುವ ಹುಡುಗ ಮಾತ್ರ ಪ್ರತಿ ಮ್ಯಾಚನ್ನೂ ವಿಮಾನದಿಂದ ಹಾರಿದಲ್ಲಿಂದಲೇ ನೋಡಬೇಕೆಂದು ಹಟ ಹಿಡಿದಿದ್ದಾನೆ. ಅರ್ಧ ಗಂಟೆಯ ಮ್ಯಾಚಿಗೆ ಒಂದೂವರೆ ಗಂಟೆಯ ವಿಚಾರಣೆ ಆಗುತ್ತಿದೆ. ಸ್ನೈಪರ್‌ನ ಫೋನಿನಲ್ಲಿ ಜಾಗವಿಲ್ಲ. ಅವನ ಅಕ್ಕನ ಮದುವೆಯ ವಿಡಿಯೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಬೇಕು, ಅದರ ದುಡ್ಡನ್ನು ನಾಲ್ವರೂ ಹಾಕುವುದೋ, ರೆಕಾರ್ಡಿಂಗ್ ಬೇಕೆಂದು ಹಟ ಹಿಡಿದವನೇ ಕೊಡುವುದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.