ಉಸಿರು ನಿಂತಮೇಲೂ ಉಳಿಯುವ ಪ್ರಾಣ

ಪೂರ್ಣ ಅರಿವಳಿಕೆ ಒಂದೇ ಔಷಧದ ಕೆಲಸವಲ್ಲ. ಪ್ರೊಪೊಫಾಲ್ ಎಚ್ಚರ ತಪ್ಪಿಸುತ್ತದೆ, ಫೆಂಟನಿಲ್ ನೋವನ್ನು ತಡೆಯುತ್ತದೆ, ವೆಕುರೋನಿಯಮ್ ಸ್ನಾಯುಗಳನ್ನು ಸಡಿಲಿಸುತ್ತದೆ. ಎದೆಯ ಸ್ನಾಯುಗಳೂ ಸಡಿಲಾಗುವುದರಿಂದ ಉಸಿರು ನಿಲ್ಲುತ್ತದೆ. ಶ್ವಾಸನಾಳಕ್ಕೆ ನಳಿಕೆ ಇಳಿಸಿ ವೆಂಟಿಲೇಟರ್ ಯಂತ್ರದಿಂದ ಗಾಳಿ ಕೊಡಬೇಕಾಗುತ್ತದೆ. ಆಳಂದ ತಾಲೂಕಿನ ನರೋಣಾ ಹಳ್ಳಿಯಿಂದ ಕಲಬುರಗಿಗೆ ಹೋಗಿ ಹೊಟ್ಟೆಯ ದೊಡ್ಡ ಆಪರೇಷನ್ ಮಾಡಿಸಿಕೊಳ್ಳುವ ರೈತ ಹೀಗೆ ಎರಡು ಮೂರು ತಾಸು ತನ್ನ ಉಸಿರಿಲ್ಲದೆಯೇ ಬದುಕಿರುತ್ತಾನೆ.

ಛಾಂದೋಗ್ಯ ಉಪನಿಷತ್ತಿನ ಕಥೆಯೊಂದರಲ್ಲಿ ಮಾತು, ಕಣ್ಣು, ಕಿವಿ, ಮನಸ್ಸು ಮತ್ತು ಪ್ರಾಣ ಇವುಗಳೊಳಗೆ ಯಾರು ಹಿರಿಯರೆಂಬ ಜಗಳ ಹುಟ್ಟುತ್ತದೆ. ಮಾತು, ಕಣ್ಣು, ಕಿವಿ, ಮನಸ್ಸು ಸರದಿಯಂತೆ ವರ್ಷವರ್ಷ ದೇಹ ಬಿಟ್ಟು ಹೋಗಿ ಬಂದರೂ ದೇಹ ಬದುಕಿರುತ್ತದೆ. ಪ್ರಾಣ ಹೊರಡಲು ಎದ್ದಾಗ ಮಾತ್ರ ಉಳಿದವೆಲ್ಲ ಬುಡಮೇಲಾಗುತ್ತವೆ. ಆಪರೇಷನ್ ಕೋಣೆಯಲ್ಲಿ ಈ ಪರೀಕ್ಷೆ ದಿನವೂ ನಡೆಯುತ್ತದೆ. ಆದರೆ ಫಲಿತಾಂಶ ಬೇರೆ: ಉಸಿರು ಹೋದರೂ ದೇಹ ಉಳಿಯುತ್ತದೆ. ಹಾಗಾದರೆ ಪ್ರಾಣವೆಂದರೆ ಬರಿಯ ಉಸಿರಲ್ಲ.

ಇದು ಪಂಡಿತರ ಚರ್ಚೆಯಷ್ಟೇ ಆಗಿರಲಿಲ್ಲ. 1847ರಲ್ಲಿ ಅರಿವಳಿಕೆಯಾಗಿ ಬಳಕೆಗೆ ಬಂದ ಕ್ಲೋರೋಫಾರ್ಮ್ ಮರುವರ್ಷದಿಂದಲೇ ಕೆಲವರನ್ನು ಮೇಜಿನ ಮೇಲೆ ಕೊಂದಿತು. ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಕಲಬುರಗಿ ಸೀಮೆಯೂ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ 1888 ಮತ್ತು 1889ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ನುಗಳನ್ನು ನಡೆಸಿದ. ಎರಡನೆಯದರ ಖರ್ಚನ್ನು ನಿಜಾಮ ಮಹಬೂಬ್ ಅಲಿ ಖಾನ್ ವಹಿಸಿದ. ಲ್ಯಾನ್ಸೆಟ್ ವೈದ್ಯಪತ್ರಿಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್‌ನನ್ನು ಕಳಿಸಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರೇ ಮೊದಲು ನಿಲ್ಲುತ್ತದೆ, ಉಸಿರನ್ನು ನೋಡಿಕೊಂಡರೆ ಸಾಕು ಎಂದು ಕಮಿಷನ್ ತೀರ್ಮಾನಿಸಿತು. ಪ್ರಯೋಗಕ್ಕೆ ಮೊದಲೇ ಲಾರಿಯ ನಂಬಿಕೆಯೂ ಅದೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಕ್ಲೋರೋಫಾರ್ಮಿನ ಅರಿವಳಿಕೆ ಹಗುರವಾಗಿದ್ದಾಗಲೇ ಹೃದಯ ಲಯ ತಪ್ಪಿ ನಿಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟ.

ಹೃದಯವೂ ಕೊನೆಯ ಮಾತಲ್ಲ. ಹೃದಯದ ಆಪರೇಷನ್ನಿನಲ್ಲಿ ಪೊಟ್ಯಾಸಿಯಂ ದ್ರಾವಣ ಕೊಟ್ಟು ಅದನ್ನು ಬೇಕೆಂದೇ ನಿಲ್ಲಿಸುತ್ತಾರೆ. ಮಹಾಧಮನಿಯ ಕೆಲವು ಆಪರೇಷನ್‌ಗಳಲ್ಲಿ ಮೈಯನ್ನು 18 ಡಿಗ್ರಿಯ ಆಸುಪಾಸಿಗೆ ತಣಿಸಿ ರಕ್ತದ ಓಟವನ್ನೇ ತಡೆಯುತ್ತಾರೆ. ಆಗ ಮಿದುಳಿನ ವಿದ್ಯುತ್ ರೇಖೆಯೂ ಸಮತಟ್ಟಾಗುತ್ತದೆ. ಅಷ್ಟಾದರೂ ರೋಗಿ ಎದ್ದು ಮನೆಗೆ ನಡೆಯುತ್ತಾನೆ. ಆದ್ದರಿಂದ ಸಾವೆಂದರೆ ಮರಳಿ ಬಾರದಂತೆ ಹೋಗುವುದು ಎನ್ನಬೇಕಾಗುತ್ತದೆ. ಈ ಉತ್ತರದಲ್ಲಿ ಒಂದು ಮುಜುಗರವಿದೆ: ಮರಳಿ ತರುವ ಸಾಧನ ಎಲ್ಲಿದೆ ಎಂಬುದರ ಮೇಲೆ ಸಾವಿನ ಗಡಿ ಸರಿಯುತ್ತದೆ. ರಕ್ತ ನಿಂತ ಮಿದುಳು ನಾಲ್ಕೈದು ನಿಮಿಷಕ್ಕೆ ಕೆಡತೊಡಗುತ್ತದೆ. ಐಸಿಯುನಲ್ಲಿ ಹೃದಯ ನಿಂತವನು ರೋಗಿ. ನರೋಣಾದ ತೊಗರಿ ಹೊಲದಲ್ಲಿ ಹೃದಯ ನಿಂತವನು, 108 ಗಾಡಿ ಬರುವಷ್ಟರಲ್ಲಿ, ಹೆಣ. ಪಕ್ಕದಲ್ಲಿದ್ದವರು ಎದೆಯ ನಡುವೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿದ್ದರೆ ಈ ಅಂತರ ಕಿರಿದಾಗುತ್ತದೆ. ಕೌವೆನ್‌ಹೋವೆನ್ ಮತ್ತು ಸಂಗಡಿಗರು 1960ರಲ್ಲಿ ತಿಳಿಸಿದ ಎದೆ ಒತ್ತುವ ವಿಧಾನಕ್ಕೆ ಕೈಗಳ ಹೊರತು ಏನೂ ಬೇಡ.

ಎಚ್ಚರದ ಪ್ರಶ್ನೆ ಇನ್ನೂ ತೊಡಕಿನದು. ಗಾಢನಿದ್ರೆಯಿಂದ ಎದ್ದವನಿಗೆ ಸುಖವಾಗಿ ಮಲಗಿದ್ದೆನೆಂಬ ನೆನಪಿರುವುದರಿಂದ ಅಲ್ಲೂ ಒಬ್ಬ ಸಾಕ್ಷಿ ಇದ್ದನೆಂದು ವೇದಾಂತಿಗಳು ವಾದಿಸುತ್ತಾರೆ. ಅರಿವಳಿಕೆಯಿಂದ ಎದ್ದವರಲ್ಲಿ ಅನೇಕರಿಗೆ ಹೊತ್ತು ಸರಿದದ್ದೇ ತಿಳಿಯದು; ಸಾಕ್ಷಿಗೆ ಇಲ್ಲಿ ನೆನಪಿನ ಆಧಾರ ಸಿಗುವುದಿಲ್ಲ. ನೆನಪಿಲ್ಲವೆಂದರೆ ಅರಿವೂ ಇರಲಿಲ್ಲವೆಂದೂ ಅಲ್ಲ. 1977ರಲ್ಲಿ ಟನ್‌ಸ್ಟಾಲ್ ವಿವರಿಸಿದ ಪರೀಕ್ಷೆಯಲ್ಲಿ ಸ್ನಾಯು ಸಡಿಲಿಸುವ ಔಷಧ ಒಂದು ಮುಂಗೈಗೆ ತಲುಪದಂತೆ ಪಟ್ಟಿ ಬಿಗಿಯುತ್ತಾರೆ. ಕೈ ಹಿಡಿ ಎಂದರೆ ಕೆಲವು ರೋಗಿಗಳು ಹಿಡಿಯುತ್ತಾರೆ; ಎದ್ದಮೇಲೆ ಅವರಲ್ಲಿ ಬಹುತೇಕರಿಗೆ ಏನೂ ನೆನಪಿರದು. ಮರೆತ ನೋವೂ ಆ ಗಳಿಗೆಯಲ್ಲಿ ನೋವೇ ಆಗಿತ್ತು. ನೆನಪು ಅಳಿಸಿದರೆ ಸಾಲದು, ನೋವನ್ನೇ ತಡೆಯಬೇಕೆಂಬ ವೈದ್ಯನೀತಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆಳಂದ ಸೀಮೆಯ ಲಿಂಗವಂತರಿಗೆ ಇನ್ನೊಂದು ಅಳುಕು: ಪ್ರಾಣವಿರುವತನಕ ಅಗಲಬಾರದ ಇಷ್ಟಲಿಂಗವನ್ನು ಆಪರೇಷನ್ನಿಗಾಗಿ ತೆಗೆದಿಡಬೇಕೇ? ಲೋಹಕ್ಕೆ ವಿದ್ಯುತ್ತಿನಿಂದ ಕೊಯ್ಯುವ ಡಯಾಥರ್ಮಿ ಉಪಕರಣದ ಬಿಸಿ ತಗಲಬಹುದೆಂಬುದು ವೈದ್ಯರ ಭಯ. ಬೆಳ್ಳಿಯ ಕರಡಿಗೆ ಕಳಚಿ, ಆಪರೇಷನ್ನಿನ ಜಾಗದಿಂದ ದೂರ, ಬಟ್ಟೆಯಲ್ಲಿ ಲಿಂಗವನ್ನು ತೋಳಿಗೆ ಕಟ್ಟಿದರೆ ಎರಡೂ ಕಡೆಯವರು ಒಪ್ಪಬಹುದು. ಲಿಂಗವೇ ಪ್ರಾಣವೆನ್ನುವ ಪ್ರಾಣಲಿಂಗದ ತತ್ವಕ್ಕೆ ವೆಂಟಿಲೇಟರಿನಿಂದ ಧಕ್ಕೆಯಿಲ್ಲ. ಅದು ಪ್ರಾಣವನ್ನು ಮೂಗಿನ ಗಾಳಿಗೆ ಕಟ್ಟಿಹಾಕಿಲ್ಲ.

ಕಾನೂನಿಗೆ ಮಾತ್ರ ಒಂದು ಗೆರೆ ಬೇಕು. 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿತು. ನಾಲ್ವರು ವೈದ್ಯರ ಮಂಡಳಿ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ದೇಹ ಉಸಿರಿಗೆ ಯತ್ನಿಸದೆ ಇರುತ್ತದೆಯೇ ಎಂದು ನೋಡುವುದು ಅದರಲ್ಲೊಂದು. ಇನ್ನೊಂದು ಸಂದರ್ಭವೂ ಉಂಟು: ಮಿದುಳು ಸತ್ತಿಲ್ಲ, ಗುಣವಾಗುವ ಆಸೆಯೂ ಇಲ್ಲ. ಅಂಥಲ್ಲಿ ಚಿಕಿತ್ಸೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೆರೆದು 2023ರಲ್ಲಿ ಅದನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರಂತೆ ಆದೇಶ ಹೊರಡಿಸಿತು. ಮೊದಲ ಸಂದರ್ಭದಲ್ಲಿ ಯಂತ್ರ ನಿಲ್ಲಿಸುವಾಗ ಮನುಷ್ಯ ಆಗಲೇ ತೀರಿಕೊಂಡಿರುತ್ತಾನೆ. ಎರಡನೆಯದರಲ್ಲಿ ಇನ್ನೂ ಬದುಕಿರುತ್ತಾನೆ, ರೋಗವನ್ನು ಅದರ ಹಾದಿಗೆ ಬಿಡಲಾಗುತ್ತದೆ.