ಬಾಗಿದ್ದು ಬಾಗಿದಂತೆಯೇ

ಸಕ್ಕರೆ ನೀರಿಗೆ ಯೀಸ್ಟಿನಿಂದ ತೆಗೆದ ಇನ್ವರ್ಟೇಸ್ ಕಿಣ್ವವನ್ನು ಬೆರೆಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಸಕ್ಕರೆ ಹೆಚ್ಚಿದಂತೆ ಒಡೆಯುವ ವೇಗವೂ ಏರುತ್ತದೆ. ಆದರೆ ಕಿಣ್ವದ ಅಣುಗಳಿಗೆಲ್ಲ ಕೈತುಂಬ ಕೆಲಸ ಸಿಕ್ಕಿದ ಮೇಲೆ ಇನ್ನೆಷ್ಟು ಸುರಿದರೂ ಅಷ್ಟೇ. ಗ್ರಾಫಿನಲ್ಲಿ ಗೆರೆ ಕಡಿದಾಗಿ ಏರಿ, ಬರಬರುತ್ತಾ ಬಾಗಿ, ಮಟ್ಟಸವಾಗುತ್ತದೆ. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮಿಖಾಯೆಲಿಸ್ ಮತ್ತು ಕೆನಡಾದ ಮಾಡ್ ಮೆಂಟನ್ ಆ ಇಡೀ ಬಾಗನ್ನು ಎರಡೇ ಸಂಖ್ಯೆಗಳಲ್ಲಿ ಹಿಡಿದರು: ವೇಗದ ಗರಿಷ್ಠ ಮಿತಿ, ಅದರ ಅರ್ಧ ಮುಟ್ಟಲು ಬೇಕಾದ ಸಕ್ಕರೆಯ ಸಾಂದ್ರತೆ.

ಅಳೆದ ಚುಕ್ಕಿಗಳಿಂದ ಆ ಎರಡನ್ನು ಹೆಕ್ಕಿ ತೆಗೆಯುವುದು ಹೇಗೆ? ಸ್ಕೇಲಿಟ್ಟು ಎಳೆಯಬಹುದಾದದ್ದು ನೇರ ಗೆರೆಯನ್ನಷ್ಟೆ. 1934ರಲ್ಲಿ ಲೈನ್‌ವೀವರ್ ಮತ್ತು ಬರ್ಕ್ ಎಂಬ ವಿಜ್ಞಾನಿಗಳು ಎರಡೂ ಅಳತೆಗಳನ್ನು ತಲೆಕೆಳಗು ಮಾಡಿದರು. ವೇಗದ ಬದಲು ಒಂದನ್ನು ವೇಗದಿಂದ ಭಾಗಿಸಿದ್ದು, ಸಾಂದ್ರತೆಗೂ ಹಾಗೆಯೇ. ಬಾಗಿದ್ದು ನೆಟ್ಟಗಾಯಿತು. ಅದಕ್ಕೆ ತೆತ್ತ ಬೆಲೆಯೂ ಉಂಟು. ವೇಗ 10 ಇರಬೇಕಾದಲ್ಲಿ 9.9 ಎಂದು ಅಳೆದರೆ ತಲೆಕೆಳಗಾದ ಸಂಖ್ಯೆ ಸುಮಾರು 0.001ರಷ್ಟು ಸರಿಯುತ್ತದೆ. 1 ಇರಬೇಕಾದಲ್ಲಿ 0.9 ಎಂದು ಅಳೆದರೆ ಸುಮಾರು 0.11ರಷ್ಟು. ತಪ್ಪು ಎರಡರಲ್ಲೂ 0.1ರದೇ, ಸರಿದದ್ದು ಮಾತ್ರ ನೂರು ಪಟ್ಟಿಗೂ ಹೆಚ್ಚು.

ಇಂದು ಎಕ್ಸೆಲ್ ಹಾಳೆಯಲ್ಲಿ ಗೆರೆಯನ್ನು ನೆಟ್ಟಗೆ ಮಾಡಬೇಕಿಲ್ಲ. ಒಂದು ಕಾಲಂನಲ್ಲಿ ಸಾಂದ್ರತೆ, ಪಕ್ಕದಲ್ಲಿ ಅಳೆದ ವೇಗ, ಮೂರನೆಯದರಲ್ಲಿ ಮಿಖಾಯೆಲಿಸ್-ಮೆಂಟನ್ ಸೂತ್ರ ಹೇಳುವ ವೇಗ, ನಾಲ್ಕನೆಯದರಲ್ಲಿ ಇವೆರಡರ ವ್ಯತ್ಯಾಸದ ವರ್ಗ, ಕೆಳಗೆ ಮೊತ್ತ. ಬೇರೆ ಎರಡು ಸೆಲ್‌ಗಳಲ್ಲಿ ಆ ಎರಡು ಸಂಖ್ಯೆಗಳ ಬಗ್ಗೆ ನಮ್ಮ ಊಹೆಗಳು. ಎಕ್ಸೆಲ್ಲಿನ ಸಾಲ್ವರ್ ಎಂಬ ಸಾಧನ ಆ ಊಹೆಗಳನ್ನು ಕೂದಲೆಳೆಯಷ್ಟು ಅಲುಗಿಸಿ, ಮೊತ್ತ ಇಳಿಯುವ ದಿಕ್ಕು ಹುಡುಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಲಿನಲ್ಲೇ ಇಳಿಜಾರು ತಡಕುವವನ ಹಾಗೆ ಮುಂದೆ ಸಾಗುತ್ತದೆ. ಕಿಣ್ವ ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ಆದರೂ ಸುಮಾರಾದ ಊಹೆಯಿಂದ ಹೊರಟು, ಅಣುಗಳ ಸ್ವಭಾವ ಹೇಳುವ ಎರಡು ಸಂಖ್ಯೆಗಳ ಬಳಿ ಬಂದು ನಿಲ್ಲುತ್ತದೆ. ಊಹೆ ತೀರಾ ದಿಕ್ಕುಗೆಟ್ಟಿದ್ದರೆ ಎಲ್ಲೋ ಒಂದು ತಗ್ಗಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಹಾಗಾಗಿ ಚುಕ್ಕಿಗಳನ್ನು ಮೊದಲು ಕಣ್ಣಾರೆ ನೋಡಿ, ಗೆರೆ ಎಲ್ಲಿ ಮಟ್ಟಸವಾಗುತ್ತಿದೆ ಎಂದು ಅಂದಾಜಿಸುವ ಕೆಲಸ ಮನುಷ್ಯನದೇ.

ಮೊತ್ತ ಸೊನ್ನೆಯಾಗುವುದಿಲ್ಲ. ಉಳಿದ ವ್ಯತ್ಯಾಸಗಳು ಗೆರೆಯ ಮೇಲೂ ಕೆಳಗೂ ಚೆದುರಿದ್ದರೆ ಅದು ಅಳತೆಯ ಅಲುಗಾಟ ಎನ್ನಬಹುದು. ಒಂದೇ ಕಡೆ ಸಾಲುಗಟ್ಟಿದ್ದರೆ ಸೂತ್ರಕ್ಕೆ ಸಿಗದ ಇನ್ನೇನೋ ಅಲ್ಲಿದೆ. ನನ್ನ ಬೆರಗು ಇಲ್ಲಿಯೇ. ಬಾಗಿದ್ದನ್ನು ಬಾಗಿದಂತೆಯೇ ನೋಡುವ ತಾಳ್ಮೆ ಇದ್ದರೆ, ನಮ್ಮ ತಿಳಿವಳಿಕೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಪ್ರಕೃತಿ ಅದೇ ಹಾಳೆಯಲ್ಲಿ ತೋರಿಸಿಕೊಡುತ್ತದೆ.